ಲವಂಗದ ವಾಸನೆಯ ಕೋಟು

ಮೊದಲೇ ಹೇಳಿಬಿಡುತ್ತೇನೆ, ಸಯನ್‌ನಿಂದ ಮಾಟುಂಗದವರೆಗೆ ನನ್ನಷ್ಟು ಸ್ಟೈಲಾಗಿ ಪ್ರೇಮ ಮಾಡಿದ ಗಂಡಸು ಇನ್ನೊಬ್ಬನಿಲ್ಲ. ನೀವೆಲ್ಲ ಹೂ ಕೊಟ್ಟು, ಸ್ಟೇಷನ್ನಿನಲ್ಲಿ ಕಾದು, ಬಿಸಿಲಿಗೆ ಕಪ್ಪಾದವರು. ನಾನು ಸುಮ್ಮನೆ ನಿಂತಿದ್ದೆ, ಅಷ್ಟೇ. ಹುಡುಗಿಯೇ ತಿರುಗಿದಳು. ಫೋರ್ಟ್ ಕಡೆಯ ಟ್ರಾಮಿನಲ್ಲಿ, ಎಲ್ಲರ ಎದುರು, ಅವಳೇ ಬಾಯಿಬಿಟ್ಟು ‘ನೀವೇ ಬೇಕು’ ಎಂದಳು.

ಹೇಗೆ ಅಂತ ಕೇಳಿ.

ನನ್ನ ಹೆಸರು ಸದಾನಂದ. ಸಯನ್ ಸ್ಟೇಷನ್ ಎದುರಿನ ಶೆಟ್ಟರ ಹೋಟೆಲಿನಲ್ಲಿ ಕೆಲಸ, ಸೋಮವಾರ ರಜೆ. ಅವತ್ತು ಬೆಳಿಗ್ಗೆ ಕೋಟು ಹಾಕಿಕೊಂಡು, ಕೂದಲಿಗೆ ಎಣ್ಣೆ ಮೆತ್ತಿ, ಮ್ಯಾಟ್ನಿ ಟಿಕೆಟಿನ ಕ್ಯೂ ಹಿಡಿಯಲು ಹೊರಟಿದ್ದೆ. ಕಿಂಗ್ಸ್ ಸರ್ಕಲ್ಲಿನಲ್ಲಿ ಟ್ರಾಮ್ ಬರಲಿಲ್ಲ ಎಂದು ಕನ್ನಡದಲ್ಲಿ ಬೈದೆ. ಮುಂದೆ ನಿಂತಿದ್ದವಳು ಮೂಗನ್ನು ಸ್ವಲ್ಪ ಮೇಲೆತ್ತಿದಳು. ಮೀನಿನ ಬುಟ್ಟಿ ಹಾದು ಹೋದಾಗ ಬೆಕ್ಕು ಎತ್ತುತ್ತದಲ್ಲ, ಹಾಗೆ. ಆಮೇಲೆ ನಿಧಾನವಾಗಿ ತಿರುಗಿದಳು.

“ಯಾವ ಸೆಂಟ್ ಹಚ್ಚೀರಿ?”

ಧಾರವಾಡದ ಕನ್ನಡ. ಕಣ್ಣು ಮಾತ್ರ ನನ್ನ ಮುಖದ ಮೇಲಿರಲಿಲ್ಲ, ಕೋಟಿನ ಕಾಲರಿನ ಮೇಲಿತ್ತು.

ನಾನು ಒಂದು ಹುಬ್ಬು ಏರಿಸಿ, ಪರಿಮಳದ ಹೆಸರು ಕೇಳಬಾರದು, ಎದೆ ಹಿಡಿದುಕೊಂಡು ಉಸಿರೆಳೆಯಬೇಕು ಎಂದು ಸಿನಿಮಾ ಹಿಂದಿಯಲ್ಲಿ ಹೇಳಿದೆ. “ಮೇಮ್‌ಸಾಬ್, ಖುಷ್ಬೂ ಕಾ ನಾಮ್ ನಹೀಂ ಪೂಛತೇ. ದಿಲ್ ಥಾಮ್ ಕೇ ಸಾಂಸ್ ಲೇತೇ ಹೈಂ.”

“ನಾ ಸಿನಿಮಾ ಡೈಲಾಗ್ ಕೇಳಿಲ್ಲರಿ. ಸೆಂಟ್ ಕೇಳೇನಿ.”

“ಪ್ಯಾರಿಸಿನದ್ದು.”

“ಬಾಟ್ಲಿ ಯಾವ ಬಣ್ಣದ್ದು?”

“ನೀಲಿ,” ಎಂದೆ. ಸುಳ್ಳು ಹೇಳುವಾಗ ನನಗೆ ಯಾವಾಗಲೂ ನೀಲಿಯೇ ನೆನಪಾಗುತ್ತದೆ.

ಅವಳ ತುಟಿಯ ಒಂದು ತುದಿ ಮಾತ್ರ ನಕ್ಕಿತು. ಹೆಸರು ವಿನೋದಿನಿ. ಅಪ್ಪ ರೈಲ್ವೆಯಲ್ಲಿ ಕ್ಲಾರ್ಕು. ಅವಳು ಕ್ರಾಫರ್ಡ್ ಮಾರ್ಕೆಟಿನ ಹತ್ತಿರ ಒಂದು ಸೆಂಟಿನ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದಳು.

“ಹೆಂಗಸರು ಬಂದು ನಮ್ಮ ಮನಿಯವರು ಇಂಥಾವರು ಅಂತಾರ, ನಾ ಅದಕ್ಕ ತಕ್ಕ ಬಾಟ್ಲಿ ತಗದು ಕೊಡ್ತೇನಿ,” ಎಂದಳು ಟ್ರಾಮಿನಲ್ಲಿ ಕೂತ ಮೇಲೆ. “ಹಂಗ ಬಾಟ್ಲಿ ಮೂಸಿದ್ರ ಮನಷ್ಯಾ ಎಂಥಾವ ಅಂತನೂ ಹೇಳ್ತೇನಿ.”

“ಹಾಗಾದ್ರೆ ನನ್ನದು ಹೇಳಿ ನೋಡುವ.”

ಅವಳು ಕಣ್ಣು ಮುಚ್ಚಿದಳು. ರೆಪ್ಪೆಗಳು ಒಂದಿಷ್ಟು ನಡುಗುತ್ತಿದ್ದವು.

“ಮೊದಲ ಲವಂಗ. ಆಮ್ಯಾಲ ದಾಲ್ಚಿನ್ನಿ. ಒಣಗಿದ ಕಿತ್ತಳಿ ಸಿಪ್ಪಿ. ಎಲ್ಲಾದರ ಕೆಳಗ ತಂಬಾಕಿನ ಎಲಿ, ಸೇದೋದಲ್ಲ, ಡಬ್ಬ್ಯಾಗ ಇಟ್ಟದ್ದು.” ಅವಳ ದನಿ ಇಳಿಯಿತು. “ಈ ಮನಷ್ಯಾ ಕಡಿಮಿ ಮಾತಾಡ್ತಾನ. ಸಿಟ್ಟು ಬಂದ್ರ ಒದರಂಗಿಲ್ಲ. ಬರ್ತೇನಿ ಅಂದ್ರ ಬರ್ತಾನ. ಚಳಿಯಾಗ ಬಾಜೂಕ ಕುಂತ್ರ ಬೆಚ್ಚಗ ಅನಸ್ತದ. ಇಂಥಾವ ಎಲ್ಲಿ ಇರ್ತಾನೋ ಅಂತ ಭಾಳ ಸಲ ಅನ್ಕೊಂಡೇನಿ ನಾ.”

ಕಣ್ಣು ತೆರೆದು ನನ್ನನ್ನು ನೋಡಿದಳು. “ನೀವು ನೋಡಿದ್ರ ಟ್ರಾಮ್ ಹತ್ತಿದಾಗಿಂದ ಬಾಯಿ ಮುಚ್ಚಿಲ್ಲ.”

“ಈಗ ಮುಚ್ತೇನೆ.”

“ಎಲ್ಲಿ ತನಕ?”

“ದಾದರ್ ತನಕ.”

ದಾದರ್ ಬರುವ ಮೊದಲೇ ಬಾಯಿ ತೆರೆದೆ. ಅವಳು ಕಿಟಕಿಯ ಕಡೆ ತಿರುಗಿ ನಕ್ಕಳು. ಆ ನಗು ಗಾಜಿನಲ್ಲಿ ನನಗೆ ಪೂರ್ತಿ ಕಂಡಿತು. ನನ್ನ ಕಥೆ ಅಲ್ಲಿಗೆ ಮುಗಿಯಿತು.

ಅಂದಿನಿಂದ ಪ್ರತಿ ಸೋಮವಾರ ಮೌನಿಯಾಗಲು ನೋಡಿದೆ. ಕೈಕಟ್ಟಿ ದೂರ ದಿಟ್ಟಿಸಿದೆ. ಹೊಟ್ಟೆ ನೋವೇನು ಎಂದು ಕೇಳಿದಳು. ದನಿ ಇಳಿಸಿ ಮಾತಾಡಿದೆ. ನೆಗಡಿಯೇನು ಎಂದಳು.

ಒಂದು ಸೋಮವಾರ ಅರ್ಧ ತಮಾಷೆಗೆ, ಅರ್ಧ ಅನುಮಾನಕ್ಕೆ, “ಈ ವಾಸನಿಯಾಗ ನೀವು ಬಾಡಿಗಿ ಇದ್ದಂಗ ಅದೀರಿ ನೋಡ್ರಿ,” ಎಂದಳು. “ಮನಿ ಮಾಲಕ ಬ್ಯಾರೆ ಯಾರೋ ಇದ್ದಂಗ ಅದ.”

ನಾನು ಕೋಟಿನ ಗುಂಡಿ ಬಿಗಿಯಾಗಿ ಹಾಕಿಕೊಂಡೆ. ಯಾಕೆಂದರೆ ಮಾತು ನಿಜ.

ಆ ಕೋಟು ನನ್ನೊಬ್ಬನದಲ್ಲ. ನಾನು ಮತ್ತು ದೂಜ ಸೇರಿ ಚೋರ್ ಬಜಾರಿನಲ್ಲಿ ಕೊಂಡದ್ದು. ದೂಜ ನನ್ನ ಹೋಟೆಲಿನವನೇ, ಚಾಳಿನ ರೂಮಿನವನೇ. ನಮ್ಮಂಥವರ ರೂಮುಗಳಲ್ಲಿ ಆಗ ಹಾಗೆಯೇ, ಒಳ್ಳೆಯ ಕೋಟು ಒಂದೇ. ಯಾರಿಗೆ ರಜೆಯೋ ಅವರ ಮೈಗೆ. ಸೋಮವಾರ ನನಗೆ, ಗುರುವಾರ ದೂಜನಿಗೆ. ಊರಿಗೆ ಹಡಗು ಹತ್ತಿದ ಯಾವನೋ ಸಾಹೇಬ ಮಾರಿಹೋದ ಕೋಟಂತೆ. ಅವನ ಸೆಂಟು ಒಳಗಿನ ಅಸ್ತರಿಗೆ ಇಳಿದುಬಿಟ್ಟಿತ್ತು. ಒಗೆದರೂ ಹೋಗಲಿಲ್ಲ, ಬಿಸಿಲಿಗೆ ಹಾಕಿದರೂ ಹೋಗಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತಲ್ಲಿ, ಇಬ್ಬರೂ ಈರುಳ್ಳಿ ಹೆಚ್ಚುತ್ತಿದ್ದೆವು.

“ನಿನ್ನೆ ಟ್ರಾಮಲ್ಲಿ ಒಂದು ಹುಡುಗಿ ನನ್ನ ಸೆಂಟು ಯಾವುದು ಅಂತ ಕೇಳಿದ್ಲು ಮಾರಾಯ,” ಎಂದ ದೂಜ.

“ನೀ ಎಂತ ಹೇಳಿದೆ?”

“ಗೊತ್ತಿಲ್ಲ ಅಂದೆ. ಸೀಟು ಕೊಟ್ಟೆ.”

“ಮತ್ತೆ?”

“ಮತ್ತೆ ಎಂತ ಇಲ್ಲ. ದಾರಿ ಇಡೀ ನನ್ನನ್ನೇ ನೋಡ್ತಾ ಇದ್ದಳು. ಹುಚ್ಚೋ ಎಂತದೋ.”

ನನ್ನ ಚೂರಿ ನಿಂತಿತು. ದೂಜನನ್ನು ಅವತ್ತು ಮೊದಲ ಸಲ ಸರಿಯಾಗಿ ನೋಡಿದೆ. ಕಡಿಮೆ ಮಾತು. ಸಿಟ್ಟು ಬಂದರೆ ಒದರುವುದಿಲ್ಲ. ಬರುತ್ತೇನೆ ಎಂದರೆ ಬರುತ್ತಾನೆ. ಆ ಸೆಂಟು ಅವನ ಅಳತೆಗೇ ಹೊಲಿದಂತಿತ್ತು. ಕಣ್ಣಲ್ಲಿ ನೀರು ಬಂತು. ಈರುಳ್ಳಿ ಇತ್ತು, ಮರ್ಯಾದೆ ಉಳಿಯಿತು.

ಸೋಮವಾರ ವಿನೋದಿನಿ ನನಗೆ ಮೊದಲೇ ಸೀಟು ಹಿಡಿದಿಟ್ಟಿದ್ದಳು. ಕೂತ ತಕ್ಷಣ ಕೇಳಿದಳು, “ಗುರುವಾರ ಇದೇ ಸೆಂಟ್ ಹಚ್ಚಿದವರು ಒಬ್ರು ಸಿಕ್ಕಿದ್ರು. ಯಾರಂತ ಗೊತ್ತೇನು ನಿಮಗ?”

ಗೊತ್ತು ಎಂದರೆ ಅವಳು ದೂಜನ ಕಡೆ ಹೋಗುತ್ತಾಳೆ. ಗೊತ್ತಿಲ್ಲ ಎಂದರೆ ನಾನು ಜೀವಮಾನವಿಡೀ ಸಾಹೇಬನ ಅಸ್ತರಿನೊಳಗೇ ಇರಬೇಕು.

ಆಗ ನಾನು ಎದ್ದು ನಿಂತೆ. ಕೋಟು ಕಿತ್ತು ಅವಳ ಕಾಲಬುಡಕ್ಕೆ ಎಸೆದೆ. “ಯೇ ಕೋಟ್ ಕಿಸೀ ಔರ್ ಕಾ ಹೈ, ಲೇಕಿನ್ ಯೇ ಧಡಕನ್ ಮೇರೀ ಹೈ” ಎಂದೆ, ಕೋಟು ಬೇರೆಯವನದು, ಎದೆಬಡಿತ ಮಾತ್ರ ನನ್ನದು ಅಂತ. ಇಡೀ ಟ್ರಾಮ್ ಚಪ್ಪಾಳೆ ತಟ್ಟಿತು. ಅವಳು ಕಣ್ಣು ತುಂಬಿಕೊಂಡು ‘ನೀವೇ ಬೇಕು’ ಎಂದಳು.

ಹೀಗಂತ ನಾನು ಎಲ್ಲರಿಗೂ ಹೇಳುತ್ತೇನೆ. ನಿಮಗೂ ಇದನ್ನೇ ಹೇಳಿ ಎದ್ದು ಹೋಗೋಣ ಅಂತಿದ್ದೆ. ನಡೆದದ್ದು ಹಾಗಲ್ಲ.

ನಾನು ಮೊದಲು “ಗೊತ್ತಿಲ್ಲ” ಎಂದೆ. ಟ್ರಾಮ್ ಪರೇಲ್ ದಾಟಿತು. ಅವಳು ಮತ್ತೆ ಕೇಳಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ನನಗೆ ಒಂದು ಡೈಲಾಗೂ ಬರಲಿಲ್ಲ.

“ಅವ ದೂಜ,” ಎಂದೆ. “ನನ್ನ ರೂಮಿನವ. ಕೋಟು ಇಬ್ಬರದ್ದು. ಸೆಂಟು ಕೋಟು ಮಾರಿ ಹಡಗು ಹತ್ತಿದ ಯಾವನೋ ಸಾಹೇಬನದ್ದು. ನೀವು ಹೇಳಿದ ಹಾಗೇ ಇದ್ದಾನೆ ಅವ. ಬೇಕಾದ್ರೆ ಪರಿಚಯ ಮಾಡಿಸ್ತೇನೆ.”

ಅವಳು ಕೈ ಚಾಚಿದಳು.

“ಕೋಟ್ ತಗೀರಿ.”

ತೆಗೆದು ಕೊಟ್ಟೆ. ಕಾಲರನ್ನು ಮೂಗಿನ ಹತ್ತಿರ ಹಿಡಿದು ಒಂದೇ ಒಂದು ಉದ್ದನೆಯ ಉಸಿರು ಎಳೆದಳು. ಮಡಚಿ ತೊಡೆಯ ಮೇಲೆ ಇಟ್ಟುಕೊಂಡಳು. “ಇದು ದೂಜನವರದೂ ಅಲ್ಲ ಬಿಡ್ರಿ. ಹಡಗು ಹತ್ತಿ ಹೋದಾವಂದು.”

ಆಮೇಲೆ ನನ್ನ ಅಂಗಿಯ ತೋಳಿನ ಕಡೆ ಬಾಗಿದಳು. ತಾಗಲಿಲ್ಲ. ಹೊಸ ಬಾಟ್ಲಿಯ ಬಿರಡೆ ತೆಗೆದಾಗ ಬಾಗುತ್ತಾರಲ್ಲ, ಅಷ್ಟೇ ದೂರ.

“ಉಳ್ಳಾಗಡ್ಡಿ,” ಎಂದಳು. “ಕಾಫಿ ಡಿಕಾಕ್ಷನ್. ಕೊಬ್ಬರಿ ಎಣ್ಣಿ, ಅದೂ ಜಾಸ್ತಿ. ಬಟ್ಟಿ ಒಗ್ಯಾ ಸಾಬಾಣ.”

“ಈ ಮನುಷ್ಯ ಎಂಥವ?” ನನ್ನ ದನಿ ನನಗೇ ಕೇಳಿಸಲಿಲ್ಲ.

ಅವಳು ತಲೆ ಎತ್ತಿದಳು. ಈ ಸಲ ನೋಡಿದ್ದು ಕಾಲರನ್ನಲ್ಲ, ನನ್ನನ್ನು.

“ಗೊತ್ತಿಲ್ಲ. ಇಂಥಾ ಬಾಟ್ಲಿ ನಮ್ಮ ಅಂಗಡಿಗೆ ಬಂದಿಲ್ಲ.”

ಕ್ರಾಫರ್ಡ್ ಮಾರ್ಕೆಟ್ ಬಂತು. ಕೋಟನ್ನು ನನ್ನ ಕೈಗಿಟ್ಟು ಇಳಿದಳು. ಇಳಿದ ಮೇಲೆ ಕಿಟಕಿಯ ಹತ್ತಿರ ಬಂದು, “ಮುಂದಿನ ಸೋಮವಾರ ಬರ್ರಿ. ಕೋಟ್ ಬ್ಯಾಡ,” ಎಂದು ಹೇಳಿ ಜನರ ನಡುವೆ ನಡೆದುಬಿಟ್ಟಳು.

ಅಷ್ಟೇ ನಡೆದದ್ದು. ‘ನೀವೇ ಬೇಕು’ ಎಂದು ಅವಳು ಹೇಳಲೇ ಇಲ್ಲ. ನನ್ನ ಸ್ಟಾಪು ಹಿಂದೆ ಹೋಗಿತ್ತು. ಟ್ರಾಮ್ ಕೊನೆಗೆ ಹೋಗಿ ನಿಂತಾಗ ಕಂಡಕ್ಟರ್ ಬಂದು, ಎಲ್ಲಿಗೆ ಹೋಗಬೇಕು ಎಂದು ಮರಾಠಿಯಲ್ಲಿ ಕೇಳಿದ. ನಾನು ಅವನ ಮುಖ ನೋಡುತ್ತ ಕೂತಿದ್ದೆ. ಒಂದು ಮಾತೂ ಬರಲಿಲ್ಲ.