ಬಳೆಯೊಳಗಿಂದ ಜಾರಿದ ಬೆಳ್ಳುಳ್ಳಿ

ಇನ್ನೊಂದು ಗಡ್ಡೆ ಬಳೆಯೊಳಗಿಂದ ಜಾರಿ ನೆಲಕ್ಕೆ ಬಿತ್ತು. ಮಿಂಚುಳ್ಳಿ ತುಟಿ ಕಚ್ಚಿಕೊಂಡಳು. ಒಂದು ಕಡೆ ನಿಲ್ಲದ ಹುಡುಗಿ ಎಂದು ಅಜ್ಜಿ ಅವಳಿಗಿಟ್ಟ ಹೆಸರು ಅದು.

ಕಬ್ಬಿಣದ ಆ ಬಳೆ ಕೊಟ್ಟವನು ಬೆಳ್ಳುಳ್ಳಿ ಕೊಳ್ಳುವ ಕಂಪನಿಯ ಏಜೆಂಟು. ಅದರಲ್ಲಿ ತೂರುವಷ್ಟು ಚಿಕ್ಕ ಗಡ್ಡೆ ಬೇಡವಂತೆ. ಸರ್ಕಾರ ಸುಂಕ ತೆಗೆದ ಮೇಲೆ ದೂರದೇಶದ ಬೆಳ್ಳುಳ್ಳಿ ಹಡಗಿನಲ್ಲಿ ಬಂದಿಳಿಯುತ್ತಿತ್ತು, ಎಲ್ಲವೂ ಎರಕ ಹೊಯ್ದಂತೆ ಒಂದೇ ಗಾತ್ರ. ನೂರು ಎಕರೆಯ ದೊಡ್ಡ ಜಮೀನಿನವರು ಆರಿಸುವ ಮಷೀನು ತಂದರು. ಹತ್ತು ಎಕರೆಯ ಪಕ್ಕದ ಹೊಲದವರು ಬೆಳ್ಳುಳ್ಳಿ ಬಿಟ್ಟು ಹೂವು ಹಾಕಿದರು. ಒಂದೂವರೆ ಎಕರೆಯ ಇವರ ಮನೆಗೆ ಬಂದದ್ದು ಈ ಬಳೆ.

ಐದು ಕ್ರೇಟ್ ತುಂಬದಿದ್ದರೆ ಲಾರಿ ಇನ್ನು ಇತ್ತ ಬರುವುದಿಲ್ಲ ಎಂದು ಅಪ್ಪ ಬೆಳಿಗ್ಗೆಯೇ ಹೇಳಿದ್ದ. ನಾಲ್ಕು ತುಂಬಿದ್ದವು. ಕಿಟಕಿಯ ಬಿಸಿಲಿನಲ್ಲಿ ಸಿಪ್ಪೆಗಳು ಮೆಲ್ಲಗೆ ತೇಲುತ್ತಿದ್ದವು, ಪುಟ್ಟ ಪುಟ್ಟ ಹಡಗುಗಳಂತೆ. ಅವು ಹೋದತ್ತ ಕಣ್ಣೂ ಹೋಯಿತು. ಮೂಲೆಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಒಳಗೆ ದಪ್ಪ ದಪ್ಪ ಗಡ್ಡೆಗಳು. ಒಂದೂ ಬಳೆಯಲ್ಲಿ ತೂರಲಿಲ್ಲ.

ಲಾರಿ ಹೋದ ಮೇಲೆ ಅಜ್ಜಿ ಬಂದಳು.

"ಅಜ್ಜೀ, ಐದೂ ಫುಲ್," ಎಂದಳು ಮಿಂಚುಳ್ಳಿ.

ಅಜ್ಜಿ ಬುಟ್ಟಿಯ ಬಟ್ಟೆ ಎತ್ತಿದಳು. ಒಳಗೆ ಖಾಲಿ. "ಅದು ಬೀಜದ್ದು ಕಣೇ."

ಒಂದೇ ಒಂದು ಗಡ್ಡೆ ಮಾರುವ ಮೊದಲೇ ಒಳ್ಳೆಯದನ್ನು ಬೀಜಕ್ಕೆ ಎತ್ತಿಡುವುದು ಆ ಮನೆಯ ರೂಢಿ. ಅಜ್ಜಿಯ ಅತ್ತೆಯೂ ಹಾಗೇ ಎತ್ತಿಟ್ಟವಳು. ಮುಂದಿನ ತಿಂಗಳೇ ಬಿತ್ತನೆ.

ಬಳೆಯನ್ನು ಕೈಗೇರಿಸಿಕೊಂಡು ಮಿಂಚುಳ್ಳಿ, ಲಾರಿ ಎಲ್ಲರ ಕ್ರೇಟುಗಳನ್ನೂ ಇಳಿಸುವ ದೊಡ್ಡ ಜಮೀನಿನ ಶೆಡ್ಡಿಗೆ ಓಡಿದಳು. ಲಾರಿ ಆಗಲೇ ಖಾಲಿಯಾಗಿತ್ತು. ಉದ್ದನೆಯ ಬೆಲ್ಟಿನ ಮೇಲೆ ಬಿಳಿ ಗಡ್ಡೆಗಳು ಸದ್ದಿಲ್ಲದೆ ಹರಿಯುತ್ತಿದ್ದವು, ಹೊಳೆಯಲ್ಲಿ ಸಾವಿರ ಚಂದ್ರ ತೇಲಿದ ಹಾಗೆ. ತಮ್ಮವು ಯಾವುವು ಎಂದು ಬೆಲ್ಟಿನ ಬಳಿ ನಿಂತಿದ್ದ ಹೆಂಗಸನ್ನು ಕೇಳಿದಳು.

"ಇಲ್ಲಿ ಬಿದ್ದ ಮೇಲೆ ನಮ್ದು ನಿಮ್ದು ಅಂತ ಇರುತ್ತಾ, ಮರಿ?"

"ಮತ್ತೆ ನಿಮಗೆ ಬೀಜ, ಅಕ್ಕಾ?"

"ಕಂಪನಿ ಕಳಿಸುತ್ತೆ. ವರ್ಷಾ ವರ್ಷಾ ಹೊಸದು. ಕಳಿಸದಿದ್ರೆ ಇಲ್ಲ."

ಮನೆಗೆ ಬಂದಾಗ ಅಜ್ಜಿ ಬಳೆಯಿಂದ ಉದುರಿದ ರಾಶಿಯ ನಡುವೆ ಕೂತು, ಒಂದೊಂದನ್ನೂ ಒತ್ತಿ ನೋಡಿ ಬುಟ್ಟಿಗೆ ಹಾಕುತ್ತಿದ್ದಳು.

"ಸಿಟ್ಟು ಬಂದಿದೆಯಾ ಅಜ್ಜಿ?"

"ಬಂದಿದೆ. ನಿನ್ನ ಮೇಲಲ್ಲ. ನಮ್ಮ ಬೀಜ ಅಳೆಯೋಕೆ ಆ ಕಬ್ಬಿಣದ ತುಂಡು ಯಾರು?"

"ಇವು ಚಿಕ್ಕವು."

"ಈ ಸಲ ಚಿಕ್ಕದೇ ಬರುತ್ತೆ. ಅದರಲ್ಲಿ ದಪ್ಪದ್ದು ಆರಿಸಿ ನೆಟ್ಟರೆ ಆಚೆ ವರ್ಷ ಒಂಚೂರು ದೊಡ್ಡದು. ಮೂರನೇ ವರ್ಷ ನೋಡು."

"ಅಲ್ಲೀವರೆಗೆ ಲಾರಿ ಬರಲ್ವಲ್ಲ."

"ಸಂತೆಗೆ ಹೊರೋಣ. ಅಲ್ಲಿ ಮೂಗಿಗೆ ಹಿಡಿದು ನೋಡಿ ತಗೋತಾರೆ."

ಮೂರು ವರ್ಷಕ್ಕೆ ತನಗೆ ಹದಿಮೂರು. ಮಿಂಚುಳ್ಳಿ ಒಂದು ಪುಟ್ಟ ಗಡ್ಡೆ ಎತ್ತಿ ಮೂಸಿದಳು. ಅದೇ ಘಾಟು. ಬುಟ್ಟಿಗೆ ಹಾಕಲು ಕೈ ಚಾಚಿದಾಗ ಬಳೆ ಅವಳ ಕೈಯಿಂದ ಜಾರಿ ಬಿತ್ತು. ಅವಳ ಕೈಯೂ ಅದರಲ್ಲಿ ತೂರುವಷ್ಟೇ ಇತ್ತು.

ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಇನ್ನೊಂದು ಗಡ್ಡೆ ಆರಿಸಿದಳು.