ಬ್ರೆಡ್ಡಿಗೆ ಹತ್ತಿದ ವಾಸನೆ

ಕಿತ್ತುಹೋದ ಗುಂಡಿಗೆ ಕೊನೆಯ ಹೊಲಿಗೆ ಹಾಕಿ ಇನ್ಸ್‌ಪೆಕ್ಟರಮ್ಮ ದಾರವನ್ನು ಹಲ್ಲಿನಲ್ಲಿ ಕಡಿಯುತ್ತಿದ್ದರು. ಅಂಗಿ ಅವರದಲ್ಲ, ದಫೇದಾರನದು. ಆತ ಬನಿಯನ್ನಿನಲ್ಲಿ ಬೆಂಚಿನ ತುದಿಗೆ ಮುದುಡಿ ಕೂತು, "ಬೇಗ ಮೇಡಂ, ಈ ಅವತಾರದಲ್ಲಿ ನೋಡಿದ್ರೆ ದೂರು ಕೊಡೋಕೆ ಬಂದವ್ರು ನನ್ನ ಮೇಲೇ ಕೊಟ್ಟು ಹೋಗ್ತಾರೆ" ಎಂದ.

ಅಷ್ಟರಲ್ಲಿ ದೂರು ಬಂದೇ ಬಿಟ್ಟಿತು. ಗುರುವಾರ, ಬೆಳಿಗ್ಗೆ ಹತ್ತು ನಲವತ್ತು. ಚಪ್ಪಲಿ ಅಂಗಡಿ ಇಟ್ಟುಕೊಂಡಿದ್ದ ನಡುವಯಸ್ಸಿನವನೊಬ್ಬ ಒಳಗೆ ಬಂದು ಮೇಜಿನ ಮೇಲೆ ಎರಡೂ ಕೈ ಊರಿ ನಿಂತ. ಅತ್ತು ಅತ್ತು ಕಣ್ಣು ಕೆಂಡವಾಗಿದ್ದವು.

"ನನ್ನ ತಂಗೀನ ಅವಳ ಗಂಡ ಸುಟ್ಟು ಕೊಂದ. ಬರ್ಕೊಳ್ಳಿ."

"ಕೂತ್ಕೊಳ್ಳಿ. ಯಾವಾಗ?"

"ನಿನ್ನೆ ಬೆಳಿಗ್ಗೆ ಕಾರಿಗೆ ಬೆಂಕಿ ಬಿತ್ತು. ರಾತ್ರಿ ಆಸ್ಪತ್ರೇಲಿ ಹೋದ್ಲು. ಒಂದು ಮಾತೂ ಆಡ್ಲಿಲ್ಲ."

"ಗಂಡನೇ ಅಂತ ಹೇಗೆ ಹೇಳ್ತೀರಿ?"

"ಎದುರುಮನೆಯವರನ್ನ ಕೇಳಿ. ಅವಳು ಹೊರಡೋ ಮುಂಚೆ ಜಗಳ. ಅವನ ಕೈಯಲ್ಲಿ ಪೆಟ್ರೋಲ್ ಕ್ಯಾನು. ಬೀದಿಯೆಲ್ಲ ವಾಸನೆ. ಇನ್ನೇನು ಬೇಕು ನಿಮಗೆ?"

ಕೊಲೆಯ ಅನುಮಾನವೆಂದು ಎಫ್‌ಐಆರ್ ದಾಖಲಾಯಿತು. ಹನ್ನೆರಡು ಗಂಟೆಗೆ ಇಬ್ಬರು ಪಂಚರನ್ನು ಕರೆದುಕೊಂಡು ಸ್ಥಳಕ್ಕೆ ಹೋದರು.

ಗಂಡ ಹೆಂಡತಿ ಸಣ್ಣ ಬೇಕರಿ ನಡೆಸುತ್ತಿದ್ದರು. ಅವನು ಬ್ರೆಡ್ಡು ಸುಡುವವನು, ಅವಳು ಅಂಗಡಿ ಅಂಗಡಿಗೆ ಹಂಚುವವಳು. ಹಂಚಲು ಒಂದು ಹಳೆಯ ಪುಟ್ಟ ಕಾರು. ಹಿಂದಿನ ಸೀಟು ಕಿತ್ತು ಬ್ರೆಡ್ಡಿನ ಟ್ರೇಗಳಿಗೆ ಜಾಗ ಮಾಡಿದ್ದರು. ಅದೀಗ ಬೀದಿಯ ತಿರುವಿನಲ್ಲಿ ಮುಂಭಾಗ ಕರಕಲಾಗಿ, ಬಾನೆಟ್ ಬಾಯಿ ತೆರೆದುಕೊಂಡು ನಿಂತಿತ್ತು. ಹಿಂದಿನ ಟ್ರೇಗಳಲ್ಲಿ ಬ್ರೆಡ್ಡು ಹಾಗೇ ಇತ್ತು. ನೋಡಿದವರು ಹೇಳಿದ್ದಿಷ್ಟು: ಹೊಗೆ ಬಂತೆಂದು ಆಕೆ ಗಾಡಿ ನಿಲ್ಲಿಸಿದಳು, ಇಳಿದಳು, ಬಾನೆಟ್ ಎತ್ತಿದಳು. ಗಾಳಿ ಸಿಕ್ಕಿದ್ದೇ ತಡ, ಬೆಂಕಿ ಮುಖಕ್ಕೇ ಹಾರಿತು.

ಗಾಡಿ ಪರೀಕ್ಷಿಸಲು ಬಂದ ಬ್ರೇಕ್ ಇನ್ಸ್‌ಪೆಕ್ಟರ್ ಮೊಣಕಾಲೂರಿ ಟಾರ್ಚ್ ಹಾಕಿದರು.

"ಎಂಟುನೂರು ಸಿಸಿಗೆ ತುಸು ಕಡಿಮೆ, ಮೂರು ಸಿಲಿಂಡರ್, ಕಾರ್ಬುರೇಟರ್ ಗಾಡಿ. ಈ ಎಂಜಿನ್ನಿನ ಮಾಮೂಲಿ ಕಾಯಿಲೆ ಎಲ್ಲರಿಗೂ ಗೊತ್ತು ಮೇಡಂ. ಚೋಕ್ ಹಿಡಿಯುತ್ತೆ, ಡಿಸ್ಟ್ರಿಬ್ಯೂಟರ್ ಕ್ಯಾಪಿಗೆ ನೀರಿಳಿಯುತ್ತೆ, ಕಾದು ಕಾದು ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಇವು ಜೇಬು ಸುಡ್ತವೆ, ಮನುಷ್ಯರನ್ನ ಸುಡಲ್ಲ. ಸುಡೋದು ಇದೊಂದೇ."

ಅವರು ತೋರಿಸಿದ್ದು ಬೆರಳುಗುರಿನಗಲದ ಒಂದು ತಗಡಿನ ಕ್ಲಿಪ್. ಪಂಪಿನಿಂದ ಕಾರ್ಬುರೇಟರಿಗೆ ಪೆಟ್ರೋಲ್ ಒಯ್ಯುವ ಗೇಣುದ್ದದ ರಬ್ಬರ್ ಪೈಪನ್ನು ಹಿಡಿದಿಡುವ ಕ್ಲಿಪ್. ಪೈಪು ಸುಟ್ಟು ಹೋಗಿತ್ತು, ಕ್ಲಿಪ್ ಉಳಿದಿತ್ತು. ಅದರ ಸ್ಕ್ರೂ ಪೂರ್ತಿ ಸಡಿಲ.

"ಇಲ್ಲಿ ಪೆಟ್ರೋಲ್ ತೊಟ್ಟಿಕ್ಕಿದರೆ ಕೆಳಗೆ ನೇರವಾಗಿ ಎಕ್ಸಾಸ್ಟ್ ಪೈಪು. ಕೆಂಪಗೆ ಕಾದಿರುತ್ತೆ."

"ತಾನಾಗೇ ಸಡಿಲ ಆಗಿರಬಹುದಾ?"

"ಇಷ್ಟು ಆಗಲ್ಲ. ಬಿಗಿ ಮಾಡದೇ ಬಿಟ್ಟಿರಬೇಕು, ಇಲ್ಲ ಯಾರೋ ಬಿಚ್ಚಿರಬೇಕು."

ಅದನ್ನೂ ಪಂಚನಾಮೆಯಲ್ಲಿ ಬರೆದುಕೊಂಡು ಕ್ಲಿಪ್ಪನ್ನು ಲಕೋಟೆಗೆ ಹಾಕಿ ಅರಗಿನ ಮೊಹರು ಒತ್ತಿದರು.

ಸಂಜೆ ಬೇಕರಿಯವನನ್ನು ಠಾಣೆಗೆ ಕರೆಸಿದರು. ರೆಪ್ಪೆಯ ಮೇಲೆ ಇನ್ನೂ ಮೈದಾ ಅಂಟಿತ್ತು. ಎರಡು ದಿನದಿಂದ ಮುಖ ತೊಳೆದಿರಲಿಲ್ಲ.

"ಕ್ಯಾನಿನಲ್ಲಿ ಏನಿತ್ತು?"

"ಪೆಟ್ರೋಲು. ಮುಳ್ಳು ಕೆಟ್ಟಿದೆ ಮೇಡಂ, ಟ್ಯಾಂಕಲ್ಲಿ ಎಷ್ಟಿದೆ ಗೊತ್ತಾಗಲ್ಲ. ದಿನಾ ನಾನೇ ಹಾಕ್ತಿದ್ದೆ."

"ಜಗಳ ಯಾತಕ್ಕೆ?"

"ಗಾಡಿ ಪೆಟ್ರೋಲ್ ವಾಸನೆ ಹೊಡೀತಿತ್ತು. ಇವತ್ತು ತಗೊಂಡು ಹೋಗಬೇಡ ಅಂದೆ. 'ನಿನ್ನೆ ಸಂಜೆ ಮೂಗು ಮೇಸ್ತ್ರಿಗೆ ತೋರಿಸಿದೀನಿ, ಬಗ್ಗಿ ಮೂಸಿ ನೋಡಿ ಏನೂ ಇಲ್ಲ ಅಂದ್ರು, ಅವರಿಗಿಂತ ನಿನ್ನ ಮೂಗು ಉದ್ದನಾ' ಅಂದ್ಲು. ಹಾಳಾಗ್ಹೋಗು ಅಂದೆ ಮೇಡಂ. ಹಾಗಂದು ನಾನೇ ಪೆಟ್ರೋಲ್ ಹಾಕಿ ಕಳಿಸ್ದೆ."



ಗ್ಯಾರೇಜಿನ ಮೂಗು ಮೇಸ್ತ್ರಿಯನ್ನು ಅರಿಯದವರು ಆ ಊರಿನಲ್ಲಿಲ್ಲ. ಸೈಲೆನ್ಸರಿನ ಹೊಗೆಗೆ ಮೂಗೊಡ್ಡಿ, "ಸಿಹಿ ಸಿಹಿ ಬರ್ತಿದೆ, ರೇಡಿಯೇಟರ್ ನೀರು ಒಳಗೆ ಇಳೀತಿದೆ, ಗ್ಯಾಸ್ಕೆಟ್ ಹೋಗಿದೆ" ಎಂದರೆ ಹೆಡ್ ಬಿಚ್ಚಿ ನೋಡಿದಾಗ ಹೋಗಿಯೇ ಇರುತ್ತಿತ್ತು. ದಫೇದಾರನ ಸ್ಕೂಟರನ್ನು ರಸ್ತೆಯಾಚೆಯಿಂದಲೇ ಮೂಸಿ, "ಸಾಹೇಬ್ರೆ, ಕ್ಲಚ್ ಪ್ಲೇಟ್ ಸುಡ್ತಿದೆ, ಸ್ವಲ್ಪ ತೂಕ ಇಳಿಸಿ" ಎಂದವರು.

ಮೇಸ್ತ್ರಿಯ ಹೇಳಿಕೆ ಗಟ್ಟಿಯಾಗಿಯೇ ಇತ್ತು. ಭಾನುವಾರ ಆ ಕಾರಿನ ಪೆಟ್ರೋಲ್ ಪೈಪನ್ನು ತಾನೇ ಬದಲಿಸಿದ್ದು ನಿಜ. ಮಂಗಳವಾರ ಸಂಜೆ ಆಕೆ ಬಂದಿದ್ದೂ ನಿಜ. "ಎಂಜಿನ್ ಓಡಿಸಿಯೇ ನೋಡಿದೆ. ಯಾವ ವಾಸನೆಯೂ ಬರ್ಲಿಲ್ಲ."

ಹೊರಗೆ ಕಾಯುತ್ತಿದ್ದ ಚಪ್ಪಲಿ ಅಂಗಡಿಯ ಅಣ್ಣ ಕೈ ತಟ್ಟಿದ. "ಕೇಳಿದ್ರಾ? ಮಂಗಳವಾರ ಸಂಜೆ ಸರಿ ಇತ್ತು. ರಾತ್ರಿ ಮನೇಲಿ ಬಿಚ್ಚಿದ್ದು ಯಾರು ಹಾಗಾದ್ರೆ?"

ಮೂಗಿನ ಮಾತು ನಂಬಿದರೆ ಗಂಡನ ಕುತ್ತಿಗೆಗೆ ಬರುತ್ತಿತ್ತು. ನಂಬದಿರಲು ಕಾರಣವಿರಲಿಲ್ಲ. ಆದರೂ ಇನ್ಸ್‌ಪೆಕ್ಟರಮ್ಮ ಬಂಧಿಸಲು ಅವಸರ ಮಾಡಲಿಲ್ಲ. ವಾಹನದ ವರದಿ ಬರಲಿ ಎಂದರು. ವಾರ ಕಳೆದು ಇನ್ನೊಂದು ವಾರವಾಯಿತು. ಬೇಕರಿಯವನು ದಿನಾ ಬಂದು ಬೆಂಚಿನಲ್ಲಿ ಕೂತು ಹೋಗುತ್ತಿದ್ದ. ಒಮ್ಮೆ ಅವನೆದುರು ಒಂದು ಹಾಳೆ, ಮುಚ್ಚಳ ತೆಗೆದ ಪೆನ್ನು.

"ಏನ್ರೀ ಅದು?"

"ನಮ್ಮತ್ತೆಗೆ ಕಾಗದ ಮೇಡಂ. ದೂರದಲ್ಲಿ ದೊಡ್ಡ ಮಗಳ ಮನೇಲಿದಾರೆ. ಹಾಸಿಗೆ ಹಿಡಿದಿದಾರೆ, ಕಿವಿ ಕೇಳಲ್ಲ, ಫೋನಲ್ಲಿ ಹೇಳೋಕಾಗಲ್ಲ. ತಂಗಿ ಹೇಗೆ ಸತ್ತಳು ಅಂತ ನಿನ್ನ ಅಳಿಯನನ್ನೇ ಕೇಳು ಅಂತ ಭಾವ ಹೇಳಿ ಕಳಿಸಿದಾನೆ. ಅವರು ಕೇಳಿದಾರೆ. ಅವನೇ ಕೈಯಾರೆ ಬರೀಲಿ ಅಂದಿದಾರಂತೆ."

"ಬರೀರಿ ಮತ್ತೆ."

"ಏನಂತ ಬರೀಲಿ? ನಂಗೇ ಗೊತ್ತಿಲ್ವಲ್ಲ."

ಹಾಳೆಯಲ್ಲಿ 'ಅತ್ತೆಗೆ ನಮಸ್ಕಾರಗಳು' ಎಂದಷ್ಟೇ ಇತ್ತು.

ಮಾರನೆಯ ಬೆಳಿಗ್ಗೆ ಇನ್ಸ್‌ಪೆಕ್ಟರಮ್ಮ ದಫೇದಾರನನ್ನು ಕರೆದುಕೊಂಡು ಆಕೆ ಬ್ರೆಡ್ಡು ಹಂಚುತ್ತಿದ್ದ ದಾರಿಯನ್ನೇ ಹಿಡಿದರು. ಮೊದಲ ಎರಡು ಅಂಗಡಿಗಳಲ್ಲಿ ಆಕೆ ಒಳ್ಳೆಯವಳು, ನಗುನಗುತ್ತಾ ಇದ್ದಳು ಎಂಬ ಮಾತು ಬಿಟ್ಟರೆ ಏನೂ ಸಿಗಲಿಲ್ಲ. ಮೂರನೆಯದು ಕಾರ್ಖಾನೆಯ ಗೇಟಿನ ಕ್ಯಾಂಟೀನು. ಅಲ್ಲಿನ ದಪ್ಪ ಹೆಂಗಸು ಲೋಟ ತೊಳೆಯುತ್ತಲೇ ಮಾತಾಡಿದಳು.

"ಕೊನೇ ಸಲ ಅವಳ ಹತ್ರ ಮುಖ ಸಿಂಡರಿಸ್ಕೊಂಡೆ ಕಣಮ್ಮ. ಅದೇ ಹೊಟ್ಟೆ ಉರೀತದೆ."

"ಯಾಕೆ?"

"ಬ್ರೆಡ್ಡು ವಾಪಸ್ ಕೊಟ್ಟೆ. ಪೆಟ್ರೋಲ್ ವಾಸನೆ! ಬಾಯಿಗಿಟ್ಟವ್ರು ಥೂ ಅಂತ ಉಗಿದ್ರು. ಬ್ರೆಡ್ಡು ಕೇಳಿದ್ದು ತಾಯಿ, ಬಂಕ್ ಅಲ್ಲ ಅಂದೆ. ಪಾಪ, ಇವತ್ತೇ ಮೇಸ್ತ್ರಿ ಹತ್ರ ಹೋಗ್ತೀನಕ್ಕ ಅಂದ್ಲು."

"ಯಾವ ದಿನ ಅದು?"

"ಮಂಗಳವಾರ. ಬೆಳಿಗ್ಗೆ. ಅವತ್ತು ಕಾರ್ಖಾನೆಗೆ ಸಂಬಳದ ದಿನ, ಮರೆಯೋ ಹಾಗಿಲ್ಲ."

ಜೀಪಿನಲ್ಲಿ ಕೂತ ಮೇಲೆ ದಫೇದಾರ ತಲೆ ಕೆರೆದುಕೊಂಡ. "ಬೆಳಿಗ್ಗೆ ಬ್ರೆಡ್ಡಿಗೆ ಹತ್ತೋಷ್ಟು ಸೋರ್ತಿತ್ತು. ಸಂಜೆ ಮೂಗು ಮೇಸ್ತ್ರಿಗೆ ಬರ್ಲಿಲ್ಲ ಅಂದ್ರೆ? ಸುಳ್ಳು ಹೇಳ್ತಿದಾರಾ ಮೇಡಂ?"

"ಪೈಪು ಹಾಕಿದ್ದು ಅವರೇ, ಹೇಳಲೂಬಹುದು. ನಡೀರಿ, ಕೇಳೋಣ."

ಮೇಸ್ತ್ರಿಯ ಮನೆ ಗ್ಯಾರೇಜಿನ ಹಿಂದೆಯೇ. ಹೆಂಡತಿ ತೀರಿಹೋಗಿದ್ದರು, ಒಬ್ಬರೇ ಇದ್ದರು. ಎದ್ದು ಕುರ್ಚಿ ಒರೆಸಿ ಕೊಟ್ಟರು. ಮಂಗಳವಾರದ ಸಂಜೆಯನ್ನು ಮತ್ತೆ ಮೊದಲಿನಿಂದ ಹೇಳತೊಡಗಿದರು. ಅದೇ ಮಾತು, ಅದೇ ಕ್ರಮ. ನಡುವೆ ಒಳಗಿನಿಂದ ಹಾಲು ಉಕ್ಕಿ ಸೀದ ವಾಸನೆ ಬಂತು. ದಫೇದಾರ ಬಾಯಿ ತೆರೆಯಹೋದ. ಇನ್ಸ್‌ಪೆಕ್ಟರಮ್ಮ ಅವನ ಕಾಲನ್ನು ಮೆಲ್ಲಗೆ ತುಳಿದರು.

ವಾಸನೆ ದಟ್ಟವಾಯಿತು, ಕಣ್ಣು ಉರಿಯುವಷ್ಟಾಯಿತು. ಮೇಸ್ತ್ರಿ ಹೇಳುತ್ತಲೇ ಇದ್ದರು: "...ಬಗ್ಗಿ ಮೂಸಿದೆ ಮೇಡಂ, ಒಂದು ಚೂರೂ ವಾಸನೆ ಇರ್ಲಿಲ್ಲ..."

"ಮೇಸ್ತ್ರೀ, ಒಲೆ ಮೇಲೆ ಏನಿಟ್ಟಿದೀರಿ?"

ತಿರುಗಿ ನೋಡಿದರೆ ಬಾಗಿಲಿನ ಮೇಲ್ಭಾಗದಲ್ಲಿ ಹೊಗೆ ತೇಲುತ್ತಿತ್ತು. ಓಡಿಹೋಗಿ ಪಾತ್ರೆ ಇಳಿಸಿದರು. ತಳ ಇದ್ದಿಲಾಗಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಬಂದು ನಿಂತರು.

"ಎಷ್ಟು ದಿನ ಆಯ್ತು ಮೂಗು ಹೋಗಿ?"

ಮೇಸ್ತ್ರಿ ಪಾತ್ರೆಯನ್ನು ನೆಲದ ಮೇಲಿಟ್ಟು ಅದರ ಪಕ್ಕದಲ್ಲೇ ಕೂತರು.

"ಹೋದ ವರ್ಷ ಜ್ವರ ಬಂದಿತ್ತಲ್ಲ, ಆವಾಗಿನಿಂದ."

"ಯಾರಿಗೆ ಹೇಳಿದ್ರಿ?"

"ಯಾರಿಗೆ ಹೇಳಲಿ? ಊರೆಲ್ಲ ಮೂಗು ಅಂತಲೇ ಕರೆಯುತ್ತೆ. ನಂಗೆ ಬೇರೆ ಹೆಸರಿದೆ ಅನ್ನೋದೇ ಮರೆತುಹೋಗಿದೆ." ಪಾತ್ರೆಯ ತಳವನ್ನು ಉಗುರಿನಿಂದ ಕೆರೆದರು. "ಪೈಪು ಹಾಕೋದು, ಸ್ಟಾರ್ಟ್ ಮಾಡೋದು, ಬಗ್ಗೋದು. ಕ್ಲಿಪ್ ಸಡಿಲ ಇದ್ರೆ ಮೂಗೇ ಹೇಳ್ತಿತ್ತು. ನಲವತ್ತು ವರ್ಷ ಕಣ್ಣಿಟ್ಟು ನೋಡಿದವನೇ ಅಲ್ಲ ನಾನು. ಭಾನುವಾರ ಮೂಗು ಏನೂ ಹೇಳಲಿಲ್ಲ, ಸರಿ ಇದೆ ಅಂತ ಕಳಿಸಿಬಿಟ್ಟೆ."

"ಮಂಗಳವಾರ ಅವಳೇ ಬಂದು ವಾಸನೆ ಬರ್ತಿದೆ ಅಂದಳಲ್ಲ."

"ಅಂದಳು. ನಾನು ಬಗ್ಗಿದೆ. ಬಗ್ಗಿದ ಹಾಗೆ ಮಾಡಿದೆ. ಅವಳು ನನ್ನ ಮುಖ ನೋಡ್ತಾ ನಿಂತಿದ್ದಳು ಮೇಡಂ, ಮಗು ಡಾಕ್ಟರ ಮುಖ ನೋಡೋ ಹಾಗೆ. ಏನೂ ಇಲ್ಲಮ್ಮ ಅಂದೆ. ಹಾಗಾದ್ರೆ ನನ್ನ ಮೂಗೇ ಕೆಟ್ಟಿರಬೇಕು ಅಂತ ನಗ್ತಾ ಹೋದಳು."

"ಗಂಡ ಜೈಲಿಗೆ ಹೋಗ್ತಿದ್ದ. ಗೊತ್ತಿತ್ತಾ?"

"ದಿನಾ ನಿಮ್ಮ ಠಾಣೆ ಮುಂದೆ ಬಂದು ವಾಪಸ್ ಹೋಗ್ತಿದ್ದೆ."

ಠಾಣೆಯಲ್ಲಿ ಪಂಚರೆದುರು ಕಣ್ಣು ಕಟ್ಟಿ, ನೀರಿನ ಬಟ್ಟೆ ಒಂದು, ಪೆಟ್ರೋಲಿನ ಬಟ್ಟೆ ಒಂದು ಮೂಗಿನ ಬಳಿ ಹಿಡಿದರು. ಮೇಸ್ತ್ರಿ ಎರಡಕ್ಕೂ ಒಂದೇ ರೀತಿ ತಲೆಯಾಡಿಸಿದರು. ಪಂಚನಾಮೆಗೆ ಸಹಿ ಬಿತ್ತು. ಪ್ರಕರಣ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದದ್ದೆಂದು ಬದಲಾಯಿತು. ಮಧ್ಯಾಹ್ನ ಮೂರೂವರೆಗೆ ಬಂಧನ ದಾಖಲಾಯಿತು. ಜ್ವರದ ನಂತರ ಅವರು ಕೈಯಿಟ್ಟ ಗಾಡಿಗಳನ್ನೆಲ್ಲ ನೆನಪಿಸಿಕೊಂಡು ಹೇಳಿದರು. ದಫೇದಾರ ಆಗಲೇ ಒಬ್ಬೊಬ್ಬರಿಗೂ ಫೋನ್ ಮಾಡಿ, ಬೇರೆ ಮೆಕ್ಯಾನಿಕ್‌ಗೆ ತೋರಿಸದೆ ಕೀಲಿ ತಿರುಗಿಸಬೇಡಿ ಎಂದ.

ಲಾಕಪ್ಪಿಗೆ ಬೀಗ ಹಾಕುವ ಮುಂಚೆ ಇನ್ಸ್‌ಪೆಕ್ಟರಮ್ಮ ಕೇಳಿದರು, "ಒಂದು ಮಾತು ಹೇಳಿ ಅಂಗಡಿ ಮುಚ್ಚಬಹುದಿತ್ತಲ್ಲ ಮೇಸ್ತ್ರಿ. ಹೊಟ್ಟೆಗೇನೂ ಕಡಿಮೆ ಇರಲಿಲ್ಲ."

"ನನ್ನವಳ ಶಾಲೊಂದು ಪೆಟ್ಟಿಗೇಲಿದೆ. ಅವಳು ಹೋದ ಮೇಲೆ ದಿನಾ ತೆಗೆದು ಮೂಸ್ತಿದ್ದೆ. ಜ್ವರ ಬಿಟ್ಟ ದಿನ ತೆಗೆದರೆ ಬರೀ ಬಟ್ಟೆ. ಮೂಗು ಹೋಯ್ತು ಅಂತ ಬಾಯಿಬಿಟ್ಟು ಹೇಳಿದ್ರೆ ಅವಳೂ ಹೋದ ಹಾಗೆ ಅಲ್ವಾ. ನಾಳೆ ಬರುತ್ತೆ, ನಾಳೆ ಬರುತ್ತೆ ಅಂತ ಇದ್ದುಬಿಟ್ಟೆ."

ಬೇಕರಿಯವನು ಬೆಂಚಿನ ಮೇಲೆ ಎಲ್ಲವನ್ನೂ ಕೇಳಿಸಿಕೊಂಡ. ಪೆನ್ನು ಕೇಳಿ ಇಸಿದುಕೊಂಡ. ಚಪ್ಪಲಿ ಅಂಗಡಿಯ ಅಣ್ಣ ಬಂದು ಬಾಗಿಲಲ್ಲೇ ನಿಂತ. ಒಳಗೆ ಬರಲು ಮುಖವಿರಲಿಲ್ಲ.

"ಮೇಸ್ತ್ರಿ ಹೆಸರು ಬರೀತೀರಾ?" ದಫೇದಾರ ಕೇಳಿದ.

"ಬೇಡ. ಹೆಸರು ಗೊತ್ತಾದ್ರೆ ಅತ್ತೆ ಇರೋಷ್ಟು ದಿನ ಶಪಿಸ್ತಾ ಕೂರ್ತಾರೆ. ಅವರಿಗೆ ಮಗಳು ಬೇಕು, ಅವನಲ್ಲ."

ಅವನು ಬರೆದದ್ದು ಅರ್ಧ ಪುಟ. ಮಡಿಸುವ ಮುಂಚೆ ಇನ್ಸ್‌ಪೆಕ್ಟರಮ್ಮನ ಮುಂದೆ ಹಿಡಿದು, ತಪ್ಪೇನಾದರೂ ಇದೆಯಾ ನೋಡಿ ಎಂದ. ಕೊನೆಯ ಸಾಲುಗಳು ಹೀಗಿದ್ದವು: 'ನಿಮ್ಮ ಮಗಳಿಗೆ ವಾಸನೆ ಬಂದಿತ್ತು ಅತ್ತೆ. ಅವಳ ಮೂಗು ಸರಿಯಾಗಿಯೇ ಇತ್ತು. ತನಗಿಂತ ತಿಳಿದವರು ಇಲ್ಲ ಅಂದರು ಅಂತ ನಂಬಿದಳು. ಆ ದಿನ ಪೆಟ್ರೋಲ್ ಹಾಕಿದ್ದು ನಾನೇ.'

"ತಪ್ಪಿಲ್ಲ" ಎಂದರು ಅವರು.

ವಿಳಾಸ ಬರೆಯಹೋಗಿ ಅವನು ಅರ್ಧಕ್ಕೇ ಪೆನ್ನು ಕೆಳಗಿಟ್ಟ. ಬಾಗಿಲಲ್ಲಿದ್ದ ಭಾವ ಬಂದು, ಲಕೋಟೆ ಎಳೆದುಕೊಂಡು ತನ್ನ ತಾಯಿಯ ವಿಳಾಸ ಬರೆದುಕೊಟ್ಟ. ಇಬ್ಬರೂ ಜೊತೆಯಲ್ಲೇ ರಸ್ತೆ ದಾಟಿ ಎದುರಿನ ಅಂಚೆ ಕಚೇರಿಗೆ ಹೋದರು. ಆ ದಿನದ ಟಪಾಲು ಚೀಲದ ಬಾಯಿ ಕಟ್ಟುತ್ತಿದ್ದ ಅಂಚೆಯವನು ಅವರನ್ನು ನೋಡಿ ಕೈ ತಡೆದ, ಲಕೋಟೆಯನ್ನು ಇಸಿದುಕೊಂಡು ಚೀಲದೊಳಗೆ ಹಾಕಿದ.