ಇಪ್ಪತ್ತೊಂದನೆಯ ಗುಂಡಿ

ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಅಂಗಿಗುಂಡಿಗಳು ಚೆಲ್ಲಿದವು. ಕೆಂಪನ್ನು ಒಂದು ಕಡೆ, ಬಿಳಿಯನ್ನು ಇನ್ನೊಂದು ಕಡೆ ಸರಿಸಿದೆ. ಒಂದು ಬಿಳಿ ಗುಂಡಿಯಲ್ಲಿ ದಾರದ ತುಣುಕು ಸಿಕ್ಕಿಕೊಂಡಿತ್ತು. ಕಿತ್ತು ತೋಳಿಗೆ ಅಂಟಿಸಿಕೊಂಡು ಎಣಿಸಿದೆ. ಕೆಂಪು ಹತ್ತು. ಬಿಳಿ ಹನ್ನೊಂದು.

"ಒಟ್ಟು ಇಪ್ಪತ್ತೊಂದು, ಲೆಕ್ಕ ಸರಿಯಾಗಿದೆ! ಓವರ್‌ಲಾಕ್ ಅಕ್ಕನೇ ನಮ್ಮ ಅಭ್ಯರ್ಥಿ!" ಎಂದು ಕೂಗಿದೆ.

ಚಪ್ಪಾಳೆ ಬಿತ್ತು. ಅದರ ನಡುವೆಯೇ ಹಿಂದಿನ ಬೆಂಚಿನಿಂದ ಯಾರೋ ಕೇಳಿದರು— "ಅಲ್ರೀ, ಸದಸ್ಯರು ಇಪ್ಪತ್ತೊಂದು ನಿಜ. ಆದ್ರೆ ಪ್ಯಾಕಿಂಗ್‌ನವಳು ಹೆರಿಗೆ ಆಸ್ಪತ್ರೇಲಿ ಮಲಗಿದಾಳಲ್ಲ? ನಾವಿಲ್ಲಿ ಇರೋದು ಇಪ್ಪತ್ತೇ ಜನ!"

ತಲೆ ಎಣಿಸಿದೆ. ಇಪ್ಪತ್ತು. ಗುಂಡಿ ಎಣಿಸಿದೆ. ಇಪ್ಪತ್ತೊಂದು. ನನ್ನ ತಲೆ ಗಿರ್ರೆಂದಿತು.

ನಮ್ಮದು ಕೆಂಬಾವುಟದ ಪಕ್ಷ. ನಮ್ಮ ಶಾಖೆಯಲ್ಲಿರುವವರೆಲ್ಲ ಒಂದೇ ಬಟ್ಟೆ ಕಾರ್ಖಾನೆಯವರು. ನಾನು ಇಸ್ತ್ರಿಯವನು, ಯಾರೂ ಒಪ್ಪದ ಕೆಲಸ ಎಂದು ಕಾರ್ಯದರ್ಶಿಗಿರಿಯನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಪ್ರಾಂತ್ಯದ ಚುನಾವಣೆಗೆ ಯಾರು ನಿಲ್ಲಬೇಕೆಂದು ನಾವು ಗುಂಡಿಯಲ್ಲಿಯೇ ತೀರ್ಮಾನಿಸುವುದು. ಪ್ರತಿಯೊಬ್ಬರ ಕೈಗೂ ಒಂದು ಕೆಂಪು, ಒಂದು ಬಿಳಿ ಹೊಸ ಅಂಗಿಗುಂಡಿ ಕೊಡುತ್ತೇವೆ. ಪರದೆಯ ಹಿಂದೆ ಹೋಗಿ ಬೇಕಾದದ್ದನ್ನು ಡಬ್ಬಿಗೆ, ಬೇಡವಾದದ್ದನ್ನು ಚೀಲಕ್ಕೆ ಹಾಕಬೇಕು. ಈ ಸಲ ಕೆಂಪು ಎಂದರೆ ಕಟಿಂಗ್ ಮಾಸ್ಟರ್, ಬಿಳಿ ಎಂದರೆ ಬಟ್ಟೆಯಂಚು ಹೊಲಿಯುವ ಓವರ್‌ಲಾಕ್ ಅಕ್ಕ. ಸಮ ಬಂದರೆ ವಯಸ್ಸಿನಲ್ಲಿ ಹಿರಿಯರೇ ನಿಲ್ಲಬೇಕು, ಅದು ನಮ್ಮ ನಿಯಮ.

ಹೆಚ್ಚಿನ ಬಿಳಿ ಗುಂಡಿ ತೆಗೆದರೆ ಹತ್ತಕ್ಕೆ ಹತ್ತು. ಮಾಸ್ಟರೇ ಅಭ್ಯರ್ಥಿ. ಅಂದರೆ ಒಂದು ಕಳ್ಳ ಗುಂಡಿ ಅಕ್ಕನನ್ನು ಗೆಲ್ಲಿಸಿತ್ತು!

ಎಲ್ಲರ ಕಣ್ಣೂ ಅಕ್ಕನ ಕಡೆ ತಿರುಗಿತು. ಅವಳ ಮುಖ ಕೆಂಪಾಯಿತು.

"ನನ್ನನ್ಯಾಕೆ ಹಾಗೆ ನೋಡ್ತೀರಿ? ನಾನು ಕದ್ದೆ ಅಂತಲಾ?"



"ಮತ್ತೊಂದ್ಸಲ ಮತ ಹಾಕೋಣ," ಎಂದೆ ನಾನು.

"ಬೇಡ! ಕದ್ದೋರು ಯಾರು ಅಂತ ಮೊದಲು ಗೊತ್ತಾಗ್ಲಿ. ಕಳ್ಳಿ ಅನ್ನೋ ಹೆಸರು ಹೊತ್ಕೊಂಡು ನಾನು ಮನೆ ಮನೆ ಬಾಗಿಲು ತಟ್ಟಬೇಕಾ? ಗೊತ್ತಾಗದಿದ್ರೆ ನಾನು ನಿಲ್ಲೋದೂ ಇಲ್ಲ, ಈ ಪಕ್ಷದಲ್ಲಿ ಇರೋದೂ ಇಲ್ಲ."

ಆಗಲೇ ಜಿಲ್ಲಾ ಕಚೇರಿಯಿಂದ ಫೋನು. ಸಂಜೆಯೊಳಗೆ ಹೆಸರು ಹೇಳದಿದ್ದರೆ ಅವರೇ ಹೊರಗಿನವರೊಬ್ಬರನ್ನು ನಿಲ್ಲಿಸುತ್ತಾರಂತೆ. ಕೆರೆಯಿಂದ ಎದ್ದು ಬಾವಿಗೆ ಬಿದ್ದ ಹಾಗಾಯಿತು. ಬೇರೆ ದಾರಿ ಕಾಣದೆ ದೊಡ್ಡಮ್ಮನಿಗೆ ಫೋನು ಮಾಡಿದೆ.

ನನ್ನ ದೊಡ್ಡಮ್ಮ ಜಿಲ್ಲೆಯ ಶಿಸ್ತು ಸಮಿತಿಯವಳು. ಟೆಲಿಫೋನ್ ಆಫೀಸಿನಿಂದ ನಿವೃತ್ತಳು. ಏನು ಹೇಳಿದರೂ "ಯಾಕೆ?" ಎಂದು ಕೇಳುತ್ತಾಳೆ, ಪಕ್ಷದಲ್ಲೆಲ್ಲ ಅವಳ ಹೆಸರು ಯಾಕಮ್ಮ. ಬಂದವಳು ಕುರ್ಚಿ ಎಳೆದು ಕೂತಳು.

"ಯಾರೂ ಹೊರಗೆ ಹೋಗಿಲ್ಲ ತಾನೆ?"

"ಇಲ್ಲ ದೊಡ್ಡಮ್ಮ. ಬಾಗಿಲು ಹಾಕಿಸಿದೀನಿ."

"ಗುಂಡಿ ಹಂಚಿದ್ದು ಯಾರು?"

"ಕಾಜಾ ಭಾವ."

ಕಾಜಾ ಭಾವ ಅಂಗಿಗಳಿಗೆ ಕಾಜಾ, ಅಂದರೆ ಗುಂಡಿಯ ತೂತು, ಹಾಕುವವನು. ಓವರ್‌ಲಾಕ್ ಅಕ್ಕನ ಗಂಡನ ಅಣ್ಣ. ಹಾಗಾಗಿ ಸಂಶಯ ಅವನ ಮೇಲೂ ಇತ್ತು. ಅವನು ಎದ್ದು ನಿಂತ ಕೂಡಲೇ ನಾಲ್ಕು ಜನ ಕಿಸಕ್ಕನೆ ನಕ್ಕರು. ಅವನ ಅಂಗಿಯ ಎದೆಯ ಮೇಲೆ ಒಂದು ಗುಂಡಿ ಇರಲಿಲ್ಲ! ಊರಿಗೆಲ್ಲ ಕಾಜಾ ಹಾಕುವವನ ಅಂಗಿಯೇ ಬಾಯಿ ಬಿಟ್ಟುಕೊಂಡಿತ್ತು.

"ಸಿಕ್ಕಿಬಿದ್ದ ನೋಡಿ!" ಎಂದು ನಾನೇ ಕೂಗಿದೆ.

"ಯಾಕೆ?" ಎಂದಳು ದೊಡ್ಡಮ್ಮ. "ಉಳಿದಿರೋ ಗುಂಡಿ ಯಾವ ಬಣ್ಣ ನೋಡೋ."

ಕಂದು. ಕಳ್ಳ ಗುಂಡಿ ಬಿಳಿ.

"ಯಾಕಮ್ಮ, ದೇವರಾಣೆ, ಎಲ್ಲರ ಕೈಗೂ ಎರಡೇ ಎರಡು ಕೊಟ್ಟಿದೀನಿ," ಎಂದ ಕಾಜಾ ಭಾವ, ಅಳುವುದೊಂದು ಬಾಕಿ. "ದೇವರನ್ನ ನಂಬಲ್ಲ ನಾನು, ಆದ್ರೂ ಆಣೆ."

ದೊಡ್ಡಮ್ಮ ಚೀಲ ತರಿಸಿ ಸುರಿದಳು. ಬೇಡವಾದ ಗುಂಡಿಗಳು— ಕೆಂಪು ಹತ್ತು, ಬಿಳಿ ಹತ್ತು.

"ಇಪ್ಪತ್ತು ಜನ, ಚೀಲದಲ್ಲಿ ಇಪ್ಪತ್ತು. ಅಂದ್ರೆ ತಮಗೆ ಕೊಟ್ಟ ಎರಡನ್ನೂ ಡಬ್ಬಿಗೆ ಹಾಕಿದೋರು ಯಾರೂ ಇಲ್ಲ. ಹೆಚ್ಚಿಂದು ಹೊರಗಿಂದ ಬಂದಿದೆ. ಅದೇನಮ್ಮ, ನೀನು ತಂದ್ಯಾ?"

"ನಾನ್ಯಾಕೆ ತರ್ಲಿ?" ಓವರ್‌ಲಾಕ್ ಅಕ್ಕ ಎದ್ದು ನಿಂತಳು. "ಸೋತ್ರೆ ಸೋಲ್ತೀನಿ. ಹದಿನೈದು ವರ್ಷದಿಂದ ಇಲ್ಲಿ ನೆಲ ಗುಡಿಸಿ, ಬಾವುಟ ಹೊಲಿದು, ಬೈಸ್ಕೊಂಡು ಇದೀನಿ. ನನಗೆ ಉಳಿದಿರೋದು ಹೆಸರೊಂದೇ. ಅದನ್ನೂ ಕಿತ್ಕೋತೀರಾ?"

ಕಟಿಂಗ್ ಮಾಸ್ಟರ್ ಮೂಲೆಯಿಂದ ಎದ್ದರು. ನಾಲ್ಕು ಸಲ ನಿಂತು ನಾಲ್ಕು ಸಲವೂ ಸೋತವರು. ಆದರೂ ಅವರನ್ನು ಕಂಡರೆ ನಮಗೆಲ್ಲ ಅಷ್ಟು ಗೌರವ. ಅವರ ಅಂಗಿಯ ಬಿಳಿ ಗುಂಡಿಗಳೆಲ್ಲ ಸಾಲಾಗಿ ಭದ್ರವಾಗಿದ್ದವು.

"ಹೋಗ್ಲಿ ಬಿಡ್ರಪ್ಪ. ಅವಳೇ ನಿಲ್ಲಲಿ. ನನ್ನದೇನೂ ತಕರಾರಿಲ್ಲ. ಒಂದು ಗುಂಡಿಗೋಸ್ಕರ ಇಷ್ಟೆಲ್ಲ ರಂಪ ಯಾಕೆ?"

ಎಂಥ ದೊಡ್ಡ ಮನಸ್ಸು ಎಂದುಕೊಂಡು ನನ್ನ ಕಣ್ಣಲ್ಲಿ ನೀರೇ ಬಂತು. ದೊಡ್ಡಮ್ಮ ಮಾತ್ರ ಅವರನ್ನು ನೆಟ್ಟ ನೋಟದಿಂದ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಲೋ, ಆ ತೋಳಿನ ಮೇಲೆ ಏನೋ ಅದು?"

ನೋಡಿಕೊಂಡೆ. ಅರ್ಧ ಬೆರಳಿನಷ್ಟು ಹಸಿರು ದಾರ.

"ದಾರ ದೊಡ್ಡಮ್ಮ. ಬಟ್ಟೆ ಕೆಲಸದೋರ ಮೈಮೇಲೆ ದಾರ ಇರದೆ ಇನ್ನೇನಿರತ್ತೆ? ಎಲ್ಲೇ ಕಂಡ್ರೂ ಕೀಳ್ತೀವಿ, ತೋಳಿಗೆ ಅಂಟಿಸ್ಕೋತೀವಿ."

"ಇವತ್ತು ರಜೆ. ಎಲ್ಲಿಂದ ಕಿತ್ತೆ?"

"ಎಲ್ಲಿಂದ..." ಎಂದವನು ತಡವರಿಸಿದೆ. "ಎಣಿಸೋವಾಗ... ಒಂದು ಬಿಳಿ ಗುಂಡೀಲಿ ಸಿಕ್ಕೊಂಡಿತ್ತು."

"ಅಯ್ಯೋ ಪೆದ್ದಪ್ಪಾ!" ದೊಡ್ಡಮ್ಮ ಹಣೆ ಚಚ್ಚಿಕೊಂಡಳು. "ಕಳ್ಳನ ಗುರುತು ತೋಳಿನ ಮೇಲೆ ಮೆತ್ಕೊಂಡು ಬೆಳಗಿಂದ ಕಳ್ಳನ್ನ ಹುಡುಕ್ತಿದೀಯಾ? ಭಾವ ಹಂಚಿದ್ದು ಹೊಸ ಗುಂಡಿ. ಅದರಲ್ಲಿ ದಾರ ಎಲ್ಲಿಂದ ಬರತ್ತೆ? ಈ ಗುಂಡಿ ಯಾವುದೋ ಅಂಗಿಯಿಂದ ಕಿತ್ತಿದ್ದು."

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೂ ತಲೆಗೆ ಇನ್ನೂ ಹೊಳೆಯಲಿಲ್ಲ. ಕೋಣೆಯ ಗಂಡಸರೆಲ್ಲ ಎದ್ದು ತಮ್ಮ ತಮ್ಮ ಎದೆ ಸವರಿಕೊಂಡರು. ಭಾವನದು ಬಿಟ್ಟರೆ ಒಬ್ಬರ ಅಂಗಿಯಲ್ಲಿಯೂ ಗುಂಡಿ ಕಡಿಮೆ ಇರಲಿಲ್ಲ.

"ಹಾಗಾದ್ರೆ ಎಲ್ಲಿಂದ ಕಿತ್ರು?" ಎಂದೆ.

"ಬಿಳಿ ಗುಂಡಿಗೆ ಹಸಿರು ದಾರ ಹಾಕಿ ಎದೆ ಮೇಲೆ ಹೊಲೀತೀರೇನೋ ನೀವು?"

"ಛೇ, ಛೇ! ನಾಚಿಕೆಗೇಡು."

"ಎಲ್ಲಿ ಹೊಲೀತೀರಿ?"

ಉತ್ತರ ಕೊಟ್ಟವಳು ಓವರ್‌ಲಾಕ್ ಅಕ್ಕ, ಮೆಲ್ಲಗೆ. "ಒಳಗಡೆ. ಅಂಗಿ ಅಂಚಿನ ಒಳಗೆ ಹೆಚ್ಚಿಗೆ ಒಂದು ಗುಂಡಿ ಹೊಲ್ದಿಟ್ಟಿರ್ತೀವಲ್ಲ, ಬಿದ್ದುಹೋದ್ರೆ ಇರ್ಲಿ ಅಂತ. ಅದು ಯಾರಿಗೂ ಕಾಣಲ್ಲ. ಸೂಜೀಲಿ ಯಾವ ದಾರ ಇದ್ರೆ ಅದೇ ಹಾಕೋದು."

"ಅಂಗಡಿಯಿಂದ ತಂದ ಅಂಗೀಲಿ ಅದಕ್ಕೂ ಬಿಳಿ ದಾರಾನೇ ಇರತ್ತೆ. ಹಸಿರು ಹಾಕಿದಾರೆ ಅಂದ್ರೆ ತಮ್ಮ ಅಂಗಿ ತಾವೇ ಹೊಲ್ಕೊಳ್ಳೋರು. ಇಲ್ಲಿ ಹಾಗೆ ಹೊಲ್ಕೊಳ್ಳೋರು ಯಾರು?" ಎಂದು ದೊಡ್ಡಮ್ಮ ಕೇಳಿದಳು.

ತಲೆಗಳು ಮೂಲೆಯ ಕಡೆ ತಿರುಗಿದವು. ಎಲ್ಲರಿಗೂ ಗೊತ್ತಿತ್ತು.

"ಮಾಸ್ಟರ್," ಎಂದಳು ದೊಡ್ಡಮ್ಮ, "ನಿಮ್ಮ ಅಂಗಿ ಅಂಚು ಸ್ವಲ್ಪ ಮಗುಚಿ ತೋರಿಸ್ತೀರಾ?"

ಕಟಿಂಗ್ ಮಾಸ್ಟರ್ ಅಂಚನ್ನು ಮಗುಚಿದರು. ಗುಂಡಿ ಇರಬೇಕಾದ ಜಾಗದಲ್ಲಿ ಹಸಿರು ದಾರದ ಎರಡು ತುದಿಗಳು ಎದ್ದು ನಿಂತಿದ್ದವು.

"ಏನಿದು?" ನನಗೆ ತಲೆಬುಡ ತಿಳಿಯಲಿಲ್ಲ. "ತಮ್ಮನ್ನ ತಾವೇ ಸೋಲಿಸ್ಕೊಳ್ಳೋಕೆ ಯಾರಾದ್ರೂ ಕಳ್ಳತನ ಮಾಡ್ತಾರಾ?"

"ಅದಕ್ಕೇ ನಿಮಗ್ಯಾರಿಗೂ ಅನುಮಾನ ಬರ್ಲಿಲ್ಲ," ಎಂದಳು ದೊಡ್ಡಮ್ಮ. "ಗೆದ್ದೋರನ್ನೇ ನೋಡ್ತಾ ಕೂತ್ರಿ. ಸೋತೋರು ಮಾತ್ರ ತನಿಖೆ ಬೇಡ, ಮರುಮತ ಬೇಡ ಅಂತಿದ್ರು. ನಾನು ಯಾಕೆ ಅಂತ ಕೇಳ್ಕೊಂಡೆ."

ಮಾಸ್ಟರ್ ಬೆಂಚಿನ ಮೇಲೆ ಕುಸಿದರು. "ಯಾರ ಮನಸ್ಸು ಎಲ್ಲಿದೆ ಅಂತ ನನಗೆ ಗೊತ್ತು. ಪ್ಯಾಕಿಂಗ್‌ನವಳು ಬಂದಿದ್ರೆ ಇವಳೇ ಗೆಲ್ತಿದ್ಲು. ಬರ್ಲಿಲ್ಲ. ನನ್ನ ಮತಾನೂ ಇವಳಿಗೇ ಹಾಕಿದ್ರೂ ಸಮ ಆಗತ್ತೆ, ಮತ್ತೆ ನನ್ನ ಕೊರಳಿಗೇ ಬೀಳತ್ತೆ. ನನಗೆ ಸಾಕಾಗಿದೆಯಪ್ಪ. ಸೋತು ಸೋತು ಸಾಕಾಗಿದೆ. ಆದ್ರೆ ಪಕ್ಷ ನಿಲ್ಲು ಅಂದಾಗ ಒಲ್ಲೆ ಅನ್ನೋದು ಹೇಗೆ? ಹೇಡಿ ಅಂತೀರಿ. ನೀನು ಇಪ್ಪತ್ತೊಂದು ಎಣಿಸಿ ಖುಷಿ ಪಡ್ತೀಯ ಅಂದ್ಕೊಂಡೆ. ಪಟ್ಟೆ ಕೂಡ."

ನಿಜ. ಪಟ್ಟಿದ್ದೆ.

ಓವರ್‌ಲಾಕ್ ಅಕ್ಕ ಅವರ ಎದುರಿಗೆ ಬಂದು ನಿಂತಳು. ಕೃತಜ್ಞತೆ ಹೇಳುತ್ತಾಳೆ ಎಂದುಕೊಂಡೆ. ಅವಳು ಬೆರಳು ಚಾಚಿ ಗದರಿದಳು.

"ಬೆಳಗಿಂದ ಎಲ್ಲರೂ ನನ್ನನ್ನ ಕಳ್ಳಿ ಹಾಗೆ ನೋಡಿದ್ರು. ನೀವು ಅದೇ ಮೂಲೇಲಿ ಕೂತು ನೋಡ್ತಿದ್ರಿ. ಅಣ್ಣಾ ಅಂತ ಕರೀತಿದ್ದೆನಲ್ಲ ನಿಮ್ಮನ್ನ! ಒಲ್ಲೆ ಅಂತ ಬಾಯಿಬಿಟ್ಟು ಹೇಳಿದ್ರೆ ನಾಲಿಗೆ ಸವೀತಿತ್ತಾ?"

ಮಾಸ್ಟರ್ ತಲೆ ತಗ್ಗಿಸಿದರು. "ತಪ್ಪಾಯ್ತಮ್ಮ."

"ನನಗೊಬ್ಬಳಿಗಲ್ಲ. ಎಲ್ಲರಿಗೂ ಹೇಳಿ."

ಅವರು ಎದ್ದರು. ಚೌಕದಲ್ಲಿ ನಿಂತು ಗಂಟೆಗಟ್ಟಲೆ ಭಾಷಣ ಮಾಡುತ್ತಿದ್ದವರು ಇವತ್ತು ನಾಲ್ಕೇ ಮಾತು ಹೇಳಿದರು. "ಗುಂಡಿ ಹಾಕಿದ್ದು ನಾನು. ಇವಳದೇನೂ ತಪ್ಪಿಲ್ಲ. ಮತ್ತೆ... ನಾನು ನಿಲ್ಲಲ್ಲ. ನನಗೆ ಇಷ್ಟ ಇಲ್ಲ."

ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ಕಳ್ಳತನ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಶಿಸ್ತು ಸಮಿತಿ ಶಿಕ್ಷೆ ಆಮೇಲೆ ನೋಡ್ಕೊಳ್ಳತ್ತೆ," ಎಂದಳು ದೊಡ್ಡಮ್ಮ. "ಈಗ ಗುಂಡಿಯೂ ಬೇಡ, ಪರದೆಯೂ ಬೇಡ. ಇವಳು ನಿಲ್ಲಲಿ ಅನ್ನೋರು ಕೈ ಎತ್ತಿ."

ಕೈಗಳು ಎದ್ದವು. ಮಾಸ್ಟರ್ ಮಾತ್ರ ಕೈ ಕಟ್ಟಿ ನಿಂತಿದ್ದರು.

"ನನಗೆ ಆ ಹಕ್ಕಿದೆಯೇನಮ್ಮ?" ಎಂದು ಕೇಳಿದರು.

ಓವರ್‌ಲಾಕ್ ಅಕ್ಕ ಮೇಜಿನ ಮೇಲಿದ್ದ ಹೆಚ್ಚಿನ ಬಿಳಿ ಗುಂಡಿಯೊಂದನ್ನು ಎತ್ತಿ ಅವರ ಕೈಯಲ್ಲಿಟ್ಟಳು. ನನ್ನ ತೋಳಿನ ದಾರವನ್ನೂ ಬಿಡಿಸಿ ಅವರಿಗೆ ತೋರಿಸಿದಳು.

"ಮೊದಲು ಇದನ್ನ ಹೊಲ್ಕೊಳ್ಳಿ. ಇದೇ ಬಣ್ಣದ ದಾರದಲ್ಲಿ. ಒಳಗಲ್ಲ, ಜೇಬಿನ ಮೇಲೆ, ಎಲ್ಲರಿಗೂ ಕಾಣೋ ಹಾಗೆ. ನಾಳೆ ನನ್ನ ಜೊತೆ ಮನೆ ಮನೆಗೆ ಬರ್ತೀರಿ. ಇದೇನು ಅಂತ ಯಾರು ಕೇಳಿದ್ರೂ ನಿಜ ಹೇಳ್ತೀರಿ. ಆಮೇಲೆ ಕೈ ಎತ್ತಿ."

ಕಾಜಾ ಭಾವ ಓಡಿಹೋಗಿ ಸೂಜಿ, ಹಸಿರು ದಾರ ತಂದ. ಮಾಸ್ಟರ್ ಅಂಗಿ ಬಿಚ್ಚಿ, ಬನಿಯನ್ನಿನಲ್ಲಿಯೇ ಕೂತು, ಎಲ್ಲರ ಎದುರಿಗೆ ಹೊಲಿದರು. ಅಂಗಿ ಹಾಕಿಕೊಂಡು ಕೈ ಎತ್ತಿದರು. ನಾನು ಜಿಲ್ಲಾ ಕಚೇರಿಗೆ ಫೋನು ಮಾಡಿ ಅಕ್ಕನ ಹೆಸರು ಹೇಳಿದೆ.

ಅವಸರದಲ್ಲಿ ಹೊಲಿದಿದ್ದರೋ ಏನೋ, ಜೇಬಿನ ಗುಂಡಿಯಿಂದ ಹಸಿರು ದಾರ ಉದ್ದಕ್ಕೆ ಜೋತಾಡುತ್ತಿತ್ತು. ನನ್ನ ಬೆರಳು ತುರಿಸಿತು. ಈ ಸಲ ಕೀಳಲಿಲ್ಲ.